ಹಿಂದುಮುಂದಾದ ಫ್ಯಾನು

ಕಂಪ್ಯೂಟರ್ ಪೆಟ್ಟಿಗೆಯ ಫ್ಯಾನು ಗಾಳಿಯನ್ನು ಯಾವ ಕಡೆಗೆ ತಳ್ಳುತ್ತದೆಂದು ತಿಳಿಯಲು ಒಂದು ಕಾಗದದ ಚೂರು ಸಾಕು, ಗೆಳೆಯರೇ. ಫ್ಯಾನಿನ ಎದುರು ಹಿಡಿದರೆ ಅದು ಹಾರಿ ದೂರ ಸರಿಯುತ್ತದೆ, ಇಲ್ಲವೇ ಜಾಲರಿಗೆ ಅಂಟಿಕೊಳ್ಳುತ್ತದೆ. ಮುಂದಿನ ಫ್ಯಾನುಗಳು ತಂಪು ಗಾಳಿಯನ್ನು ಒಳಗೆಳೆಯಬೇಕು, ಹಿಂದಿನದು ಬಿಸಿಗಾಳಿಯನ್ನು ಹೊರದೂಡಬೇಕು. ಉಸಿರಾಟದಷ್ಟೇ ಸರಳವಾದ ಏರ್ಪಾಡು. ಸಿದ್ದಾಪುರದ ಪೇಟೆಯಲ್ಲಿ ಹದಿನೈದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿರುವ ನಾನು, ಒಂದು ದಿನ ಗಡಿಬಿಡಿಯಲ್ಲಿ ಆ ಚೂರನ್ನು ಹಿಡಿಯದೇ ಹೋದೆ.

ಅದು ನಾಗವೇಣಿ ಅಕ್ಕೋರಿಗೆಂದು ಜೋಡಿಸಿದ ಕಂಪ್ಯೂಟರು. ನನಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ನಿವೃತ್ತರಾದ ಮೇಲೆ ತಮ್ಮೂರು ಕೋಲಸಿರ್ಸಿಯ ಸುತ್ತಮುತ್ತ ಮನೆಮನೆಗೆ ಹೋಗಿ, ವಯಸ್ಸಾದ ಹೆಂಗಸರಿಂದ ಮದುವೆಯ ಹಾಡು, ನಾಟಿಯ ಹಾಡು ಹೇಳಿಸಿ ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದರು. ಮೊಬೈಲಿನಲ್ಲಿ ಜಾಗ ಸಾಲದೆ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಮೊಬೈಲಿನಿಂದ ಅಳಿಸುತ್ತಿದ್ದರು. ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ನಾನೂ ಹೇಳಲಿಲ್ಲ.

ಬೇಸಿಗೆಯಲ್ಲಿ ಅವರ ಫೋನು ಬಂತು. "ತಮ್ಮಾ, ಅರ್ಧ ತಾಸಿಗೆ ತನ್ನಷ್ಟಕ್ಕೇ ಬಂದಾಗ್ತದೆ. ಮುಟ್ಟಿದ್ರೆ ಕಾವಲಿ ಥರ ಸುಡ್ತದೆ."

"ಧೂಳು ಇರ್ತದೆ ಅಕ್ಕೋರೆ, ಒರೆಸಿ," ಎಂದೆ. ಎರಡನೇ ಸಲವೂ ಅದನ್ನೇ ಹೇಳಿದೆ. ಮೂರನೇ ಸಲ ಅವರು ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನು ಹಚ್ಚಿದ್ದೇನೆ ಎಂದಾಗ ನಕ್ಕುಬಿಟ್ಟೆ. ಅವರ ಮನೆ ನನ್ನ ಅಂಗಡಿಯಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿ.

ಕೊನೆಗೆ ಹೋದಾಗ ಹಾಡುಗಳೆಲ್ಲ ಇದ್ದ ಡಿಸ್ಕು ಸತ್ತಿತ್ತು. ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟು ನೋಡಿದೆ: ಹಿಂದಿನ ಫ್ಯಾನನ್ನು ನಾನೇ ತಿರುಗಾಮುರುಗಾ ಕೂಡಿಸಿದ್ದೆ. ಮುಂದಿನಿಂದಲೂ ಗಾಳಿ ಒಳಗೆ, ಹಿಂದಿನಿಂದಲೂ ಒಳಗೆ. ಮುಚ್ಚಳ ಹಾಕಿದ್ದಷ್ಟು ದಿನವೂ ಬಿಸಿಗೆ ಹೊರಹೋಗುವ ಹಾದಿಯೇ ಇರಲಿಲ್ಲ; ಅವರು ಅದನ್ನು ತೆಗೆಯುವ ಹೊತ್ತಿಗೆ ಡಿಸ್ಕು ಬೆಂದುಹೋಗಿತ್ತು.

"ನನ್ನಿಂದ ಏನಾದ್ರೂ ತಪ್ಪಾಯ್ತೇನೋ?" ಎಂದರು ಅಕ್ಕೋರು, ಬಾಗಿಲಲ್ಲಿ ನಿಂತು.

"ಮುಚ್ಚಳ ತೆಗೆದಿಟ್ಟಿದ್ರಲ್ಲ, ಹಾಗಾಗಿ," ಎಂದಿತು ನನ್ನ ನಾಲಿಗೆ. ಅಷ್ಟು ಸಲೀಸಾಗಿ ಅದು ಹೇಗೆ ಹೊರಳಿತೋ ನನಗಿನ್ನೂ ಅರ್ಥವಾಗಿಲ್ಲ. ಅವರು ತಲೆಯಾಡಿಸಿದರು. ನಾನು ಫ್ಯಾನನ್ನು ಸದ್ದಿಲ್ಲದೆ ತಿರುಗಿಸಿ ಕೂಡಿಸಿದೆ. ಡಿಸ್ಕನ್ನು ಹುಬ್ಬಳ್ಳಿಗೆ ಕಳಿಸಿದರೂ ಒಂದು ಹಾಡೂ ಸಿಗಲಿಲ್ಲ.

ಹಾಡಿದ ಹೆಂಗಸರ ಮನೆಗಳಿಗೆಲ್ಲ ಅಕ್ಕೋರು ನಡೆದು ಹೋಗಿ, "ನನ್ನ ಕೈಯಾರೆ ಹಾಳಾಯ್ತು" ಎಂದು ಹೇಳಿ ಬಂದರೆಂಬುದು ಆಮೇಲೆ ಕಿವಿಗೆ ಬಿತ್ತು. ಮತ್ತೆ ಅವರು ಯಾರ ಹಾಡನ್ನೂ ತುಂಬಿಕೊಳ್ಳಲಿಲ್ಲ. ಯಂತ್ರ ತಮಗೆ ಒಗ್ಗುವುದಿಲ್ಲ ಎನ್ನುತ್ತಿದ್ದರಂತೆ.

ಎಂಟು ತಿಂಗಳು ತಡೆದುಕೊಂಡೆ. ಆಮೇಲೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದೆ. ಇಷ್ಟೇ ಹೇಳಿದರು: "ನಾನು ಹೋದ ಮನೆಗೆಲ್ಲ ನೀನೂ ಒಂದ್ಸಲ ಹೋಗಿ ಬಾ ತಮ್ಮಾ."

ಮೊದಲು ಹೋದದ್ದು ಗೌರಮ್ಮನ ಮನೆಗೆ. ಎಲ್ಲರಿಗಿಂತ ಹೆಚ್ಚು ಹಾಡು ಹೇಳಿದ್ದವಳು ಆಕೆ; ಮಳೆಗಾಲದಲ್ಲೇ ತೀರಿಕೊಂಡಿದ್ದಳು. ಮಗಳು ನೀರು, ಬೆಲ್ಲ ತಂದಿಟ್ಟು ನನ್ನ ಮಾತನ್ನೆಲ್ಲ ಕೇಳಿಸಿಕೊಂಡಳು. ನಿಮಗೆ ಅಮ್ಮನ ಹಾಡು ಬರುತ್ತದೆಯೇ ಎಂದು ಆಸೆಯಿಂದ ಕೇಳಿದೆ.

"ಎರಡು ಸಾಲು ಬರ್ತದೆ," ಎಂದಳು ಆಕೆ. "ಅವ್ವ ಕಲಿಯೇ ಅಂತಿದ್ಲು. ಹೆಂಗೂ ಅಕ್ಕೋರ ಕಂಪ್ಯೂಟರಿನಲ್ಲಿ ಉಂಟಲ್ಲ ಅಂತ ನಾನೇ ಕಲೀಲಿಲ್ಲ."