ಫಿರೋಜಾ ಅಂದರೆ

ಹೋದ ವಾರ, ಎಷ್ಟೋ ವರ್ಷಗಳ ಮೇಲೆ ತವರೂರು ಸವಣೂರಿಗೆ ಹೋದಾಗ, ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ಹಾಸುತ್ತ ಅಂಗಡಿಯವನು, "ಇದು ಫಿರೋಜಿ ಬಣ್ಣ ರೀ ಅಕ್ಕಾರ, ನಿಮಗ ಒಪ್ಪತೈತಿ" ಎಂದ. ಅರವತ್ತು ದಾಟಿದವಳಿಗೆ ಏನು ಒಪ್ಪುತ್ತದೋ ಏನು ಬಿಡುತ್ತದೋ, ಆ ಹೆಸರು ಕೇಳಿ ನನ್ನ ಕೈ ಮಾತ್ರ ಸೀರೆಯ ಮೇಲೇ ಉಳಿಯಿತು.

ಫಿರೋಜಾ ಎಂಬುದು ಮೂಲದಲ್ಲಿ ಒಂದು ಕಲ್ಲು, ನೋಡಿ. ಇತ್ತ ನೀಲಿಯೂ ಅಲ್ಲ, ಅತ್ತ ಹಸಿರೂ ಅಲ್ಲ. ನಮ್ಮ ನೆಲದಲ್ಲಿ ಸಿಗದ ಅಪರೂಪದ್ದು; ಪರ್ಷಿಯಾದಿಂದ ಬರುತ್ತಿತ್ತಂತೆ. ಆ ಶಬ್ದಕ್ಕೆ ಗೆಲುವು ಎಂಬ ಅರ್ಥವೂ ಉಂಟು. ಮೂವತ್ತು ವರ್ಷ ಕನ್ನಡ ಕಲಿಸಿದ ಚಟ ನನ್ನದು, ಶಬ್ದ ಸಿಕ್ಕರೆ ಅರ್ಥ ಹೇಳದೆ ಬಿಡುವವಳಲ್ಲ. ಮನೆಯವರು ಬೇಸತ್ತುಹೋಗಿದ್ದಾರೆ.

ಆದರೆ ನನಗೆ ಫಿರೋಜಾ ಅಂದರೆ ಹೈಸ್ಕೂಲಿನಲ್ಲಿ ಪಕ್ಕದಲ್ಲಿ ಕೂಡುತ್ತಿದ್ದ ಗೆಳತಿ. ಅವರದು ಎಲೆತೋಟ. ಎಳೆಯ ವೀಳ್ಯದೆಲೆಯನ್ನು ಪುಸ್ತಕದಲ್ಲಿ ಅಡಗಿಸಿ ತರುತ್ತಿದ್ದಳು. ಕದ್ದು ಮೆಲ್ಲುವಾಗ ಸಿಕ್ಕಿಬಿದ್ದು ಇಬ್ಬರೂ ಬೆಂಚಿನ ಮೇಲೆ ನಿಂತದ್ದುಂಟು. ಅವಳ ಅಜ್ಜಿಯ ಬೆರಳಲ್ಲಿ ಆ ಕಲ್ಲಿನ ಉಂಗುರವಿತ್ತು. ಹಾಕಿಕೊಂಡವರಿಗೆ ದೊಡ್ಡ ಬ್ಯಾನೆ ಬಂದರೆ ಕಲ್ಲು ಬಣ್ಣ ಬಿಡುತ್ತದೆ ಎಂದು ಅವರ ಮನೆಯಲ್ಲಿ ನಂಬಿಕೆ. ಒಮ್ಮೆ ನಾನು ಜ್ವರ ಬಂದು ಮಲಗಿದಾಗ ಅಜ್ಜಿಯನ್ನು ಕಾಡಿ ಬೇಡಿ ಉಂಗುರ ತಂದು ನನ್ನ ಬೆರಳಿಗೆ ಹಾಕಿ, ಸಂಜೆಯತನಕ ಅದನ್ನೇ ನೋಡುತ್ತ ಕುಳಿತಳು.

"ಬಣ್ಣ ಬಿಡಲಿಲ್ಲ. ನೀ ಸಾಯೂದಿಲ್ಲ, ಏಳು" ಎಂದಳು.

"ನನಗ ಮಗಳು ಹುಟ್ಟಿದ್ರ ನಿನ್ನ ಹೆಸರ ಇಡ್ತೇನಿ" ಎಂದೆ ನಾನು. ಅವಳು ನಗಲಿಲ್ಲ. ಮಾತು ನಂಬಿದಳು.

ಹಾನಗಲ್ಲಿಗೆ ಮದುವೆಯಾಗಿ ಹೋದೆ. ಚೊಚ್ಚಲ ಬಾಣಂತನಕ್ಕೆ ಸವಣೂರಿಗೆ ಬಂದೆ. ಮಗಳೇ ಹುಟ್ಟಿದಳು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಬೇಕು, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಹಿಂದಿನ ದಿನ ನಾದಿನಿಗೆ ಮೆಲ್ಲಗೆ ಹೆಸರು ಹೇಳಿದೆ. ಆಕೆ ನಕ್ಕಳು: "ಕಲ್ಲಿನ ಹೆಸರ ಯಾಕ ವೈನಿ? ಹೂವಿನ ಹೆಸರ ಇಡೂಣು."

ತೊಡಕು ಕಲ್ಲಿನದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಗಲಿ ಎಂದು ತಲೆಯಾಡಿಸಿದೆ.

ಮರುದಿನ ಫಿರೋಜಾ ಎಲೆಯ ಕಟ್ಟು, ಕುರುಕಲು ಖಾರಾದ ಪೊಟ್ಟಣ ಹಿಡಿದು ಬಂದು ಹೆಂಗಸರ ನಡುವೆ ಕುಳಿತಿದ್ದಳು. ನಾದಿನಿ ಕೂಸಿನ ಕಿವಿಯಲ್ಲಿ ಹೇಳಿ, ಎಲ್ಲರಿಗೂ ಕೇಳುವಂತೆ "ಮಾಲತಿ" ಎಂದಳು. ಎಲ್ಲರೂ ಗುದ್ದಿದರು. ಫಿರೋಜಾನೂ ಕೈ ಚಾಚಿ ಒಂದು ಗುದ್ದು ಹಾಕಿದಳು. ಹೋಗುವಾಗ "ಛಲೋ ಹೆಸರು" ಎಂದಳು, ಅಷ್ಟೇ.

ಆಮೇಲೆ ಅಪ್ಪ, ಅವ್ವ ಶಿಗ್ಗಾಂವಿಗೆ ತಮ್ಮನ ಮನೆಗೆ ಹೋದರು. ಸವಣೂರಿಗೆ ಬರಲು ನೆವ ಉಳಿಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾನಗಲ್ಲಿಗೆ ಸವಣೂರೇನು ಕಾಶಿಯೇ? ಮುಖ ತೋರಿಸಲು ನಾಚಿಕೆ. ಎಲೆ ಮಡಿಚುವಾಗಲೆಲ್ಲ ಅವಳಿಗಾಗಿ ಜೀವ ಎಳೆಯುತ್ತಿತ್ತು, ಕಾಲು ಮಾತ್ರ ಏಳಲಿಲ್ಲ.

ಹೋದ ವಾರ ಆ ಸೀರೆ ಕಟ್ಟಿಸಿಕೊಂಡು, ದಾರಿ ಕೇಳಿಕೊಂಡು ನೆಟ್ಟಗೆ ಅವಳ ಮನೆಗೆ ನಡೆದೆ. ಬಾಗಿಲು ತೆರೆದವಳ ತಲೆಯೆಲ್ಲ ಬೆಳ್ಳಗಾಗಿತ್ತು. ಕೂಡುವ ಮೊದಲೇ ನಾದಿನಿಯ ಮಾತು, ನನ್ನ ಪುಕ್ಕಲುತನ ಎಲ್ಲ ಒದರಿಬಿಟ್ಟೆ.

"ಹೆಸರು ಹೋಗ್ಲಿ. ಹೊಸಾ ಸೊಸಿ, ನೀ ಏನ್ ಮಾತಾಡ್ತಿದ್ದಿ ಪಾಪ" ಎಂದಳು. ಆಮೇಲೆ ಕೇಳಿದಳು, "ಆದ್ರ ನೀ ಯಾಕ ಬರಲಿಲ್ಲ? ನಾ ಏನ್ ಮಾಡಿದ್ದೆ?"

ನನಗೆ ಅಳು ಬಂತು. ಅಷ್ಟರಲ್ಲಿ ಚೀಲದಲ್ಲಿದ್ದ ಫೋನು ರಿಂಗಾಯಿತು. ಮಾಲತಿ.

"ಅವ್ವಾ, ಎಲ್ಲಿದ್ದಿ? ಸೀರಿ ತಗೊಳ್ಳೋದು ಇನ್ನೂ ಮುಗೀಲಿಲ್ಲೇನು?"

"ಫಿರೋಜಾನ ಮನ್ಯಾಗ ಅದೇನಿ."

"ಯಾರವ್ವಾ ಫಿರೋಜಾ?"

ನನ್ನ ಫೋನಿನ ದನಿ ಜೋರು. ಎದುರಿಗೆ ಕುಳಿತವಳಿಗೂ ಕೇಳಿಸಿತು.

"ಹೇಳು ಆಕಿಗೆ" ಎಂದಳು, "ನಾನೂ ಕೇಳ್ತೇನಿ."