ಹುಳುಮನೆಯ ಬಾಗಿಲಲ್ಲಿ ಫೋನು

ನಮ್ಮ ಹುಳುಮನೆಗೆ ಹೊರಗಿನವರು ಬರಕೂಡದು. ಮದುವೆಯಾಗಿ ಕೈಲಾಂಚದ ಪಕ್ಕದ ಈ ಊರಿಗೆ ಬಂದಾಗ ನಮ್ಮತ್ತೆ ನನಗೆ ಹೇಳಿದ ಮೊದಲ ಮಾತೇ ಅದು. ರೇಷ್ಮೆ ಹುಳ ಬಲು ನಾಜೂಕು. ಯಾರ ಕಾಲಿನ ಧೂಳಲ್ಲಿ ಯಾವ ರೋಗ ಬರುತ್ತದೋ ಹೇಳಲಾಗದು. ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತಟ್ಟೆ ಇಟ್ಟಿರುತ್ತೇವೆ, ಮನೆಯವರೂ ಅದರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು. ಘಮ್ಮೆನ್ನುವ ಎಣ್ಣೆ ಹಚ್ಚಿದವರಿಗೆ, ಬೀಡಿ ಸೇದಿದವರಿಗೆ ಪ್ರವೇಶವೇ ಇಲ್ಲ. ನನ್ನ ಒಡಹುಟ್ಟಿದವರು ಬಂದರೂ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಕಳಿಸಿದವಳು ನಾನು. ಬಾಯಿ ಜೋರು ಎಂಬ ಹೆಸರೂ ನನಗಿದೆ. ಇರಲಿ, ಜೋರಿದ್ದದ್ದಕ್ಕೇ ಇಷ್ಟು ವರ್ಷ ಬೆಳೆ ಕೈಗೆ ಬಂದಿದೆ ಎಂದು ನಾನು ನಂಬಿದ್ದೆ.

ಇಂಥ ಮನೆಗೆ ಸೊಸೆ ಬಂದಳು, ಸೋಲೂರಿನ ಕಡೆಯ ಹುಡುಗಿ. ಅವಳ ಹಿಂದೆಯೇ ಅವಳ ಫೋನೂ ಹುಳುಮನೆಯೊಳಗೆ ಬಂತು. ನಾನು ಬಿಡುತ್ತೇನೆಯೇ? ಬ್ಲೀಚಿಂಗ್ ನೀರಲ್ಲಿ ಅದ್ದಿದ ಬಟ್ಟೆ ತಂದು, "ಒರೆಸ್ಕೊಂಡು ತಕ್ಕೊಂಡೋಗು ಒಳಕ್ಕೆ" ಎಂದೆ. "ಕೆಟ್ಟೋಯ್ತದೆ ಅತ್ತೆ" ಎಂದು ಗೋಗರೆದಳು. ಕೊನೆಗೆ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕವರನ್ನು ಒರೆಸಿ ಒಳಗೆ ಒಯ್ಯಬೇಕೆಂದು ರಾಜಿಯಾಯಿತು.

ಆಗ ಎಲ್ಲರ ಕೈಯಲ್ಲೂ ಆ ಪುಟ್ಟ ವಿಡಿಯೊಗಳ ಆ್ಯಪ್. ರಾಮನಗರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬರ ಫೋನಿನ ಹಾಡು ಮುಗಿಯುವ ಮೊದಲೇ ಇನ್ನೊಬ್ಬರ ಫೋನು ಕುಣಿಯುತ್ತಿತ್ತು. ಹಾಲು ಹಾಕಲು ಡೇರಿಗೆ ಬಂದವರೂ ಕ್ಯಾನು ಕೆಳಗಿಟ್ಟು ಅದನ್ನೇ ನೋಡುವರು. ಸೊಸೆ ಮಾಡುತ್ತಿದ್ದುದು ಕುಣಿತವಲ್ಲ. ಆ ಆ್ಯಪ್‌ನಲ್ಲಿ ಒಬ್ಬರ ವಿಡಿಯೊ ಪಕ್ಕದಲ್ಲಿ ಇನ್ನೊಬ್ಬರು ತಮ್ಮದನ್ನು ಸೇರಿಸಬಹುದಿತ್ತು. ಸೋಲೂರಿನಲ್ಲಿ ಅವಳ ಅವ್ವ ಕೊಟ್ಟಿಗೆ ಮುಂದೆ ನಿಂತು ಫೋನಿಗೆ, "ಉಂಡ್ಯಾ ಮಗಾ?" ಎಂದು ಕೇಳಿ ಬಿಡುವಳು. ಪಕ್ಕದ ಮನೆ ಹುಡುಗಿ ಹೇಳಿಕೊಟ್ಟ ವಿದ್ಯೆಯಂತೆ. ಇವಳು ಇಲ್ಲಿ ಹುಳದ ಮೇಲೆ ಸೊಪ್ಪು ಹರಡುತ್ತಾ, "ಮೊದ್ಲು ಇವು ಉಣ್ಲಿ ಕಣವ್ವ" ಎನ್ನುವಳು. ಎಡಗಡೆ ತಾಯಿ, ಬಲಗಡೆ ಮಗಳು. ಅಷ್ಟೇ ವಿಡಿಯೊ.

ಜನ ಅದನ್ನು ಹುಚ್ಚೆದ್ದು ನೋಡಿದರು. ಚನ್ನಪಟ್ಟಣದಲ್ಲಿ ಬಳೆ ಅಂಗಡಿಯವಳು ಸೊಸೆಯ ಮುಖ ನೋಡುತ್ತಲೇ, "ಮೊದ್ಲು ಇವು ಉಣ್ಲಿ ಅಲ್ವಾ ನೀವು?" ಎಂದಳು. ಕನಕಪುರದ ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಎದುರು ಪಂಕ್ತಿಯ ಹೆಂಗಸರು ಅದೇ ಮಾತು ಹೇಳಿ ನಕ್ಕರು. ನನಗೆ ಒಳಗೊಳಗೇ ಹಿಗ್ಗು, ಮೇಲೆ ಮಾತ್ರ ಗಂಟು ಮುಖ.

ನಗುವ ವಿಷಯವಾಗಿತ್ತು, ಆದರೆ ಆ ತಾಯಿ ಮಗಳಿಗೆ ಅದು ಆಟವಾಗಿರಲಿಲ್ಲ ಎಂದು ಈಗ ತಿಳಿಯುತ್ತದೆ. ಹುಳ ಮನೆಯಲ್ಲಿದ್ದರೆ ಸೊಸೆ ತವರಿಗೆ ಹೋಗುವಂತಿಲ್ಲ. ಅವ್ವ ಮಾಗಡಿಗೊಂದು, ರಾಮನಗರಕ್ಕೊಂದು, ನಮ್ಮೂರಿಗೊಂದು ಎಂದು ಮೂರು ಬಸ್ಸು ಹತ್ತಿ ಬಂದರೂ ಜಗಲಿಯಲ್ಲೇ ಕೂರಬೇಕು. ಮಗಳಿಗೆ ಒಳಗಿಂದ ಹೊರಗೆ ಬರಲು ಪುರುಸೊತ್ತಿಲ್ಲ. ಒಂದು ಬೆಳೆ ಮುಗಿದರೆ ಇನ್ನೊಂದು ಬೆಳೆ. ಅವರಿಬ್ಬರೂ ಜೊತೆಗೆ ಇರುತ್ತಿದ್ದದ್ದು ಆ ಅಂಗೈಯಗಲದ ಜಾಗದಲ್ಲಿ ಮಾತ್ರ.

ಆಮೇಲೆ ಕೊರೊನಾ ಬಂತು, ಬಸ್ಸು ನಿಂತವು. ಟಿ.ವಿ.ಯಲ್ಲಿ ಆ ಆ್ಯಪ್ ಚೀನಾದ್ದು, ನಮ್ಮ ಮನೆಯ ವಿಷಯವೆಲ್ಲ ಅದರೊಳಗಿಂದ ಅಲ್ಲಿಗೆ ಹೋಗುತ್ತದೆ ಎಂದು ಹೇಳತೊಡಗಿದರು. ರೇಷ್ಮೆ ಬೆಳೆಯುವವರ ಮುಂದೆ ಚೀನಾ ಎಂದರೆ ಕೇಳಬೇಕೆ? ಅಲ್ಲಿಯ ನೂಲು ಇಲ್ಲಿಗೆ ಬಂದು ನಮ್ಮ ಗೂಡಿನ ಬೆಲೆ ಬೀಳಿಸುತ್ತದೆಂದು ಬೈಯುತ್ತಲೇ ಬದುಕಿದವರು ನಾವು. "ನಮ್ಮ ಹುಳ ಸಾಕೋ ರೀತಿನೆಲ್ಲ ಕದಿಯಕ್ಕೇ ಮಾಡವ್ರೆ ಇದ" ಎಂದೆ. ಮಗ ಬಿದ್ದು ಬಿದ್ದು ನಕ್ಕ. "ಅವ್ವ, ರೇಷ್ಮೆ ಶುರುವಾಗಿದ್ದೇ ಅವ್ರಲ್ಲಿ. ಅವ್ರು ನಿನ್ನ ನೋಡಿ ಕಲೀಬೇಕಾ?" ನನಗೆ ಉರಿದುಹೋಯಿತು. ಯಾರಿಗೆಲ್ಲ ನಮ್ಮ ಮನೆ ಕಾಣುತ್ತಿದೆಯೋ ತಿಳಿಯದೆ ಹೇಗೆ ಬಾಗಿಲು ತೆರೆದಿಡುವುದು ಎಂಬ ನನ್ನ ಅಂಜಿಕೆ ಮಾತ್ರ ಸುಳ್ಳಾಗಿರಲಿಲ್ಲ. ಈಗಲೂ ಅದು ಸುಳ್ಳೆನಿಸುವುದಿಲ್ಲ.

ಆ ಬೇಸಿಗೆಯ ಬೆಳೆ ಚೆನ್ನಾಗಿ ಬಂದಿತ್ತು. ಹುಳ ಪೊರೆ ಬಿಡಲು ಮಂಕಾಗುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದು ಹುಳ ಗಬಗಬ ತಿನ್ನುತ್ತಿದ್ದವು, ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟಬೇಕಿತ್ತು. ಒಂದು ಮಧ್ಯಾಹ್ನ ನೋಡಿದರೆ ಹುಳ ತಲೆಯೆತ್ತಿ ಹೊರಳಾಡುತ್ತಿವೆ, ಹಸಿರು ನೀರು ಕಕ್ಕುತ್ತಿವೆ. ಸಂಜೆಯ ಹೊತ್ತಿಗೆ ಅರ್ಧ ಮನೆ ಸತ್ತಿತ್ತು.

"ಔಸ್ತಿ ಬಿದ್ದ ಸೊಪ್ಪು ಹಾಕಿದಂಗೈತೆ" ಎಂದ ಮಗ. "ಬೆಳಿಗ್ಗೆ ಯಾವ ಸಾಲಲ್ಲಿ ಕೊಯ್ದೆ?"

"ಅಂಚಿನ ಸಾಲು. ಪಕ್ಕದೋನು ಔಸ್ತಿ ಹೊಡೆಯಂಗಿದ್ರೆ ಹೇಳ್ದೆ ಹೊಡೀತಾನಾ?" ಎಂದೆ.

ನಮ್ಮ ಕಡೆಯ ಕಟ್ಟುಪಾಡು ಅದು. ಹುಳ ಸಾಕುವವರ ತೋಟದ ಪಕ್ಕ ಟೊಮೆಟೊ ಬೆಳೆಯುವವನು ಔಷಧಿ ಹೊಡೆಯುವ ಮುಂಚೆ ಕೂಗಿ ಹೇಳುತ್ತಾನೆ, ನಾವು ಆ ಅಂಚಿನ ಸೊಪ್ಪನ್ನು ಹದಿನೈದು ದಿನ ಮುಟ್ಟುವುದಿಲ್ಲ. ಹೇಳಿಲ್ಲವೆಂದರೆ ಹೊಡೆದಿಲ್ಲ. ಮಗ ಹೋಗಿ ವಿಚಾರಿಸುತ್ತೇನೆಂದ. ಕೇಳುವುದೂ ಒಂದೇ, ದೂರುವುದೂ ಒಂದೇ, ಬೇಡ ಎಂದು ನಾನೇ ತಡೆದೆ. ಆಮೇಲೆ ಸೊಸೆಯ ಕಡೆ ತಿರುಗಿದೆ. ಹೊರಗಿನವರ ಕಣ್ಣು ಒಂದು ಬಿದ್ದರೇ ತಡೆಯದ ಹುಳ, ಊರೂರಿನ ಕಣ್ಣು ಬಿದ್ದರೆ ಉಳಿಯುತ್ತವೆಯೇ ಎಂದೆ. "ನೀನೂ ನಿಮ್ಮವ್ವನೂ ಸೇರ್ಕಂಡು ನನ್ನ ಬೆಳೆ ತಿಂದ್ರಿ" ಎಂದೂ ಅಂದುಬಿಟ್ಟೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅವಳು ಜಗಲಿಯ ಮೂಲೆಯಲ್ಲಿ ಕೂತು ಒಂದೊಂದಾಗಿ ಎಲ್ಲ ವಿಡಿಯೊ ಅಳಿಸಿದಳು, ಆ್ಯಪನ್ನೂ ತೆಗೆದಳು. ಮಾರನೆಯ ದಿನ ನಾವೆಲ್ಲ ಸೇರಿ ಗುಂಡಿ ತೋಡಿ ಹುಳ ಹೂತೆವು.

ಕೆಲವು ವಾರಗಳ ನಂತರ ದೇಶದ ಭದ್ರತೆಗೆ ಅಪಾಯವೆಂದು ಸರ್ಕಾರವೇ ಆ ಆ್ಯಪನ್ನು ನಿಷೇಧಿಸಿತು. "ನೋಡ್ದ್ಯಾ? ನಾನು ಹೇಳಿದ್ದನ್ನೇ ದಿಲ್ಲಿಯೋರೂ ಹೇಳ್ತಾವ್ರೆ" ಎಂದು ಸೊಸೆಯ ಮುಂದೆ ಬೀಗಿದೆ. ಅವಳು "ಹೂಂ ಅತ್ತೆ" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಬಸ್ಸುಗಳು ಓಡತೊಡಗಿದ್ದವು. ಹುಳುಮನೆ ತೊಳೆದು ಖಾಲಿ ಬಿಟ್ಟಿದ್ದ ದಿನಗಳಲ್ಲಿ ಬೀಗಿತ್ತಿ ಮುಖಕ್ಕೆ ಸೆರಗು ಕಟ್ಟಿಕೊಂಡು, ಚೀಲದ ತುಂಬ ತೆಂಗಿನಕಾಯಿ ಹೊತ್ತು ಬಂದರು. ಸೊಸೆ ಒಳಗೆ ಅಡುಗೆ ಮಾಡುತ್ತಿದ್ದಳು. ಜಗಲಿಯಲ್ಲಿ ನನ್ನ ಪಕ್ಕ ಕೂತು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ಮೆಲ್ಲಗೆ ಫೋನು ತೆಗೆದರು.

"ಅಕ್ಕ, ನಾನು ಏನೋ ಒತ್ತಬಾರದ್ದ ಒತ್ತಿಬುಟ್ಟೆ ಅಂತ ಕಾಣ್ತದೆ. ಇವಳು ಒಂದಿನ ಇದ್ದಕ್ಕಿದ್ದಂಗೆ ಕಾಣ್ದಂಗಾದ್ಲು. ಕೇಳುದ್ರೆ ಏನೂ ಇಲ್ಲ ಬುಡವ್ವ ಅಂತಾಳೆ. ಸರ್ಕಾರ ನಿಲ್ಸಿದ್ದು ಆಮೇಕೆ ಅಂತಲ್ಲ? ಅದ್ಕೇ ನನ್ನದೇ ತಪ್ಪು ಅನ್ಕಂಡಿವ್ನಿ. ಇದೊಂದ ಮಾತ್ರ ಪಕ್ಕದ್ಮನೆ ಹುಡ್ಗಿ ಫೋನೊಳಗೆ ಉಳ್ಸಿ ಕೊಟ್ಟವ್ಳೆ. ದಿನಾ ನೋಡ್ಕತೀನಿ."

ಅದು ಕೊನೆಯ ವಿಡಿಯೊ. ಎಡಗಡೆ ಇವರು, "ಉಂಡ್ಯಾ ಮಗಾ?" ಬಲಗಡೆ ನಮ್ಮ ತೋಟದ ಬದುವಿನ ಮೇಲೆ ಸೊಸೆ ನಿಂತು, "ಮೊದ್ಲು ಹುಳಕ್ಕೆ ಸೊಪ್ಪು ಕೊಯ್ಬೇಕು ಕಣವ್ವ." ಅವಳ ಬೆನ್ನ ಹಿಂದೆ ಪಕ್ಕದ ಹೊಲದವನು, ಬೆನ್ನಿಗೆ ಔಷಧಿ ಕ್ಯಾನು. ಅವನ ಕೂಗು ಸ್ಪಷ್ಟವಾಗಿ ಕೇಳಿಸಿತು: "ಅಕ್ಕೋ, ಔಸ್ತಿ ಹೊಡಿತಾ ಇವ್ನಿ, ಈ ಅಂಚಿನ ಸೊಪ್ಪು ಮುಟ್ಬ್ಯಾಡಿ!" ಹಿಂದೆಯೇ ಇನ್ನೊಂದು ದನಿ: "ಆಯ್ತು ಬುಡಪ್ಪ, ಆಯ್ತು!"

ಆ ದನಿ ನನ್ನದು.

ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದೆ. ಆಯ್ತು ಎಂದು ಒಪ್ಪಿಕೊಂಡವಳು ಮಾರನೆಯ ಬೆಳಿಗ್ಗೆ ದಾರಿಗೆ ಹತ್ತಿರವೆಂದು ಅದೇ ಸಾಲಿಗೆ ಕುಡುಗೋಲು ಹಾಕಿದ್ದೆ. ಅವನು ಹೇಳಿದ್ದು ನನ್ನ ತಲೆಯಲ್ಲಿ ನಿಂತೇ ಇರಲಿಲ್ಲ. ಬೀಗಿತ್ತಿಗೆ ಮಗಳ ಮುಖವೊಂದು ಬಿಟ್ಟರೆ ಆ ವಿಡಿಯೊದಲ್ಲಿ ಬೇರೇನೂ ಕಂಡಿರಲಿಲ್ಲ.

ಎದ್ದು ಅಡುಗೆಮನೆಗೆ ಹೋದೆ. "ಆ ಕೊನೇ ವಿಡಿಯೊದಾಗೆ ನನ್ನ ದನಿ ಐತೆ. ಗೊತ್ತಿತ್ತಾ ನಿಂಗೆ?"

ಮುದ್ದೆ ತಿರುವುತ್ತಿದ್ದ ಕೋಲು ನಿಂತಿತು. "ಗೊತ್ತಿತ್ತು ಅತ್ತೆ. ತೋಟದಾಗೆ ಫೋನಿನ ಗ್ಯಾನದಲ್ಲಿ ಕಿವಿಗೆ ಬಿದ್ದಿರ್ಲಿಲ್ಲ, ಅಳಿಸೋವಾಗ ಕೇಳಿಸ್ಕಂಡೆ."

"ಬಾಯಿ ಬುಟ್ಟು ಹೇಳ್ಬಾರ್ದಾಗಿತ್ತಾ?"

"ಹುಳ ಹೋಗಿದ್ದಾಗಿತ್ತು. ನೀವು ಮಧ್ಯಾನದಿಂದ ಉಂಡಿರ್ಲಿಲ್ಲ. ಇದೊಂದ ಬೇರೆ ಯಾಕೆ ಹೇಳದು ಅಂತ ಸುಮ್ನಾದೆ."

ನಾನು ಅತ್ತುಬಿಟ್ಟೆ. ತಪ್ಪಾಯ್ತು ಕಣವ್ವ ಎಂದೆ. ಜಗಲಿಗೆ ಬಂದು ಬೀಗಿತ್ತಿಗೂ ಎಲ್ಲ ಹೇಳಿದೆ. ನೀವೇನೂ ಒತ್ತಿಲ್ಲ, ಕೆಡಿಸಿದ್ದು ನಾನು ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಮುಂದಿನ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದ ದಿನ ನಾನೇ ಸೋಲೂರಿಗೆ ಫೋನು ಮಾಡಿ ಕರೆದೆ. ಬೀಗಿತ್ತಿ ಬಂದು ಎಂದಿನಂತೆ ಜಗಲಿಯಲ್ಲಿ ಕೂತರು. ಹುಳುಮನೆಯ ಬಾಗಿಲಿಗೆ ಕರೆದುಕೊಂಡು ಹೋದೆ.

"ಬ್ಯಾಡ ಕಣಕ್ಕ, ಹೊರಗಿನೋಳು ನಾನು" ಎಂದು ಹಿಂದೆ ಸರಿದರು.

"ದಿನಾ ಫೋನಲ್ಲಿ ಬತ್ತಿದ್ರಲ್ಲ, ಇವತ್ತು ಕಾಲಲ್ಲಿ ಬನ್ನಿ" ಎಂದು ಬ್ಲೀಚಿಂಗ್ ನೀರಿನ ತಟ್ಟೆಯನ್ನು ಅವರ ಕಾಲ ಬಳಿಗೆ ಸರಿಸಿದೆ. ಅವರು ಸೀರೆಯ ನಿರಿಗೆ ಎತ್ತಿ ಹಿಡಿದು, ಒಂದೊಂದೇ ಕಾಲನ್ನು ಜೋಪಾನವಾಗಿ ಅದ್ದಿ ಒಳಗೆ ಬಂದರು.

ಸೊಸೆ ಸೊಪ್ಪಿನ ಕುಕ್ಕೆ ಹಿಡಿದು ನಿಂತಿದ್ದಳು. ಅವ್ವನನ್ನು ಅಲ್ಲಿ ಕಂಡು ನಂಬಲಾರದೆ ನನ್ನ ಮುಖ ನೋಡಿದಳು.

"ಉಂಡ್ಯಾ ಮಗಾ?" ಎಂದರು ಅವ್ವ.

"ಮೊದ್ಲು ಇವು..." ಎನ್ನುತ್ತಿದ್ದವಳ ಕೈಯಿಂದ ಕುಕ್ಕೆ ಕಿತ್ತುಕೊಂಡೆ. "ಇವಕ್ಕೆ ನಾನು ಇಕ್ತೀನಿ. ನೀನು ಹೋಗು, ಅವ್ವನ ಜೊತೆ ಉಣ್ಣೋಗು" ಎಂದೆ.