ತಟ್ಟಿಯ ಆಚೆ ಗುರೂಜಿ, ಈಚೆ ಅಕ್ಕೋರು

ಅಕ್ಕೋರ ಕತ್ತಿನ ನರ ಉಬ್ಬಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ತೆಳ್ಳನೆಯ ಕತ್ತು, ಅದರಲ್ಲಿ ಒಂದೆಳೆ ಕರಿಮಣಿ. ಪಾಠ ಹೇಳುವಾಗ ಆ ಮಣಿಯೂ ಅಲುಗುತ್ತಿರಲಿಲ್ಲ. ನಿಪ್ಪಾಣಿಯ ನಮ್ಮ ಶಾಲೆಯಲ್ಲಿದ್ದುದು ಒಂದೇ ಉದ್ದನೆಯ ಹಾಲ್, ನಡುವೆ ಬಿದಿರಿನ ತಟ್ಟಿ. ಆಚೆ ಮರಾಠಿ ನಾಲ್ಕನೇ ಇಯತ್ತೆ, ಈಚೆ ಕನ್ನಡದವರು ನಾವು. ಆಚೆಯ ಗುರೂಜಿ ಮಗ್ಗಿ ಹೇಳಿಸತೊಡಗಿದರೆ ಹೆಂಚು ಹಾರಬೇಕು. ನಾವೂ ಹಟಕ್ಕೆ ಬಿದ್ದು ಕಿರುಚುತ್ತಿದ್ದೆವು. ಕಡೆಗೆ ಏಳೆಂಟ್ಲಿ ಎಷ್ಟು ಎನ್ನುವುದು ಎರಡೂ ಭಾಷೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಅಕ್ಕೋರು ನಮಗೆ ಟೀಚರಾಗಿ ಬಂದ ಮೇಲೆ ತಟ್ಟಿ ಉಳಿಯಿತು, ಗದ್ದಲ ಹೋಯಿತು. ಅವರು ನಮ್ಮನ್ನೆಲ್ಲ ಹತ್ತಿರ ಕೂರಿಸಿಕೊಂಡು ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲಿ ಪಾಠ ಮಾಡಿದರು. ಗುರೂಜಿಯ ಜೊತೆ ಮರಾಠಿಯಲ್ಲೇ ಮಾತಾಡಿ ಒಂದು ಒಪ್ಪಂದಕ್ಕೂ ಬಂದರು. ಅಲ್ಲಿ ಮಗ್ಗಿ ನಡೆದಾಗ ಇಲ್ಲಿ ಶುದ್ಧಲೇಖನ, ಇಲ್ಲಿ ಪದ್ಯ ನಡೆದಾಗ ಅಲ್ಲಿ ಲೆಕ್ಕ. "ಒದರಿದ್ರ ಕೇಳಸ್ತೈತಿ ಅಂತ ಯಾರ ಹೇಳ್ಯಾರ ನಿಮಗ?" ಎನ್ನುವುದು ಅವರ ಕಾಯಂ ಮಾತು. ಸಿಟ್ಟು ಬಂದರೆ ದನಿ ಇನ್ನೂ ತಗ್ಗುತ್ತಿತ್ತು, ನಮಗೆ ನಿಜವಾದ ಹೆದರಿಕೆ ಆಗಲೇ. ಅವರ ಚೀಲದಲ್ಲಿ ಸದಾ ಹುರಿದ ಪುಟಾಣಿ ಕಡಲೆ ಇರುತ್ತಿತ್ತು. ಅದು ಉತ್ತರ ಹೇಳಿದವರಿಗಲ್ಲ, ಪ್ರಶ್ನೆ ಕೇಳಿದವರಿಗೆ.

ನಿವೃತ್ತರಾದ ಮೇಲೆ ಅಕ್ಕೋರು ತಂಬಾಕಿನ ಗೋದಾಮಿನ ಮಹಡಿಯಲ್ಲಿ ಒಂದು ವಾಚನಾಲಯ ತೆರೆದರು. ನೌಕರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೇಡಕಿಹಾಳದಿಂದಲೂ ಬರುತ್ತಿದ್ದರು. ಅರ್ಜಿ ತುಂಬುವುದು, ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳುವುದು ಎಲ್ಲ ನೆಟ್‌ನಲ್ಲೇ. ಗೋದಾಮಿನ ಮಾಲೀಕರು ಬಾಡಿಗೆ ಕೇಳಿರಲಿಲ್ಲ. ಆದರೆ ಹುಡುಗರು ಬಾರದಿದ್ದರೆ ಮಹಡಿಗೆ ತಂಬಾಕಿನ ಚೀಲ ಏರಿಸುತ್ತೇನೆಂದು ಮೊದಲೇ ಹೇಳಿದ್ದರು. ಅವರು ಸಾದಾ ಮಾತಾಡಿದರೂ ಬೀದಿಯ ತುದಿಗೆ ಕೇಳುತ್ತಿತ್ತು.

ಅಷ್ಟರಲ್ಲಿ ನಾನು ಊರಲ್ಲಿ ವೈಫೈ ಕೂರಿಸುವ ಕೆಲಸಕ್ಕಿಳಿದಿದ್ದೆ. ಅಕ್ಕೋರು ಕರೆದಾಗ ಉಮೇದಿನಿಂದ ಹೋಗಿ ಮಹಡಿಯ ಎರಡು ತುದಿಗೆ ಎರಡು ಡಬ್ಬಿ ಹಚ್ಚಿದೆ, ಎರಡಕ್ಕೂ ಪೂರ್ತಿ ಪವರ್ ಕೊಟ್ಟೆ. ಮೊಬೈಲಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿ ಕಾಣುತ್ತಿದ್ದವು, ಪುಟ ಮಾತ್ರ ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ. ದೊಡ್ಡ ಆಂಟೆನಾ ಹಾಕಿದೆ, ಇನ್ನೂ ಹದಗೆಟ್ಟಿತು. ಹುಡುಗರು ಒಬ್ಬೊಬ್ಬರಾಗಿ ಬಿಟ್ಟರು. ಒಂದು ದಿನ ಮಾಲೀಕರು ಮೇಲೆ ಬಂದು, ಎಷ್ಟು ಚೀಲ ಹಿಡಿಯಬಹುದೆಂದು ಕಣ್ಣಲ್ಲೇ ಅಳತೆ ಮಾಡಿ ಹೋದರು.

ಮರುದಿನ ನಾನು ಇನ್ನೂ ದೊಡ್ಡದೊಂದು ಡಬ್ಬಿ ತರಿಸುವ ಮಾತೆತ್ತಿದೆ. ಅಕ್ಕೋರು ಪಕ್ಕದಲ್ಲಿ ಕೂತು, "ಇಲ್ಲಿ ಇನ್ನ ಯಾರ್ಯಾರು ಮಾತಾಡಾಕತ್ತಾರ?" ಎಂದರು. ಮಹಡಿಯೆಲ್ಲ ಖಾಲಿ, ನನಗೆ ನಗು ಬಂತು.

"ಮಂದಿ ಅಲ್ಲೋ ತಮ್ಮಾ. ನಿನ್ನ ಡಬ್ಬಿಯಂಥಾವು."

ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೊಬೈಲಿನಲ್ಲಿ ನೋಡಿದರೆ ಪಕ್ಕದ ಲಾಡ್ಜು, ಅರಿವೆ ಅಂಗಡಿ, ಝೆರಾಕ್ಸ್ ಅಂಗಡಿ ಎಲ್ಲರ ಡಬ್ಬಿಗಳೂ ಒಂದೇ ಚಾನೆಲ್ಲಿನಲ್ಲಿ, ಅಂದರೆ ಗಾಳಿಯ ಒಂದೇ ದಾರಿಯಲ್ಲಿ. ನನ್ನವೆರಡೂ ಅದರಲ್ಲೇ, ಎಲ್ಲರಿಗಿಂತ ಜೋರಾಗಿ, ಒಂದರ ಮಾತಿನ ಮೇಲೆ ಇನ್ನೊಂದು. ವಿವರಿಸಿದೆ.

"ಹಂಗಾರ ತಟ್ಟಿಯ ಎರಡೂ ಕಡೆ ಗುರೂಜಿನ್ನ ನಿಂದ್ರಿಸೀಯಲ್ಲೋ" ಎಂದರು ಅಕ್ಕೋರು.

ಒಂದು ಡಬ್ಬಿಯನ್ನು ಖಾಲಿಯಿದ್ದ ಒಂದನೇ ಚಾನೆಲ್ಲಿಗೆ, ಇನ್ನೊಂದನ್ನು ಹನ್ನೊಂದಕ್ಕೆ ಸರಿಸಿದೆ. ಎರಡರ ಪವರೂ ಇಳಿಸಿದೆ. ದುಡ್ಡು ತಗೊಂಡು ಪವರ್ ಇಳಿಸುವುದೆಂದರೆ ಮನಸ್ಸು ಒಪ್ಪುತ್ತಿರಲಿಲ್ಲ. ಮೊಬೈಲಿನ ಗೆರೆಗಳಲ್ಲಿ ಒಂದು ಕಡಿಮೆಯಾಯಿತು, ಪುಟ ಫಟ್ಟನೆ ತೆರೆಯಿತು. ಅಕ್ಕೋರು ನನ್ನ ಅಂಗೈಗೆ ಪುಟಾಣಿ ಹಾಕಿದರು. ಪ್ರಶ್ನೆ ಕೇಳಿದ್ದು ನೀವಲ್ಲವೇ ಎಂದೆ. ತಿನ್ನು ಸುಮ್ಮನೆ ಎಂದರು.

ಹುಡುಗರು ತಿರುಗಿ ಬಂದರು, ಕೂರಲು ಜಾಗ ಸಾಲದಷ್ಟು. ನಾನು ಆಮೇಲೆ ಅಥಣಿ, ರಾಯಬಾಗ ಎಲ್ಲ ತಿರುಗಿ ಕೆಲಸ ಮಾಡಿದೆ. ಎಲ್ಲಿ ಹೋದರೂ ಮೊದಲು ಸುತ್ತಲಿನ ಚಾನೆಲ್ಲುಗಳನ್ನು ನೋಡಿಯೇ ಡಬ್ಬಿ ಬಿಚ್ಚುತ್ತೇನೆ. ನನ್ನ ಮನೆ ನಡೆದಿರುವುದು ಅಕ್ಕೋರು ಕೇಳಿದ ಆ ಒಂದು ಪ್ರಶ್ನೆಯಿಂದ.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. "ನಾ ಹೋದ ದಿನ ವಾಚನಾಲಯಕ್ಕ ಕೀಲಿ ಹಾಕಬ್ಯಾಡ್ರಿ" ಎಂದು ಎಲ್ಲರಿಗೂ ಹೇಳಿಟ್ಟಿದ್ದರು. ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಕೀಲಿ ತೆಗೆಯೋಣವೆಂದು ಓಡೋಡುತ್ತ ಮಹಡಿ ಹತ್ತಿದೆ. ಬಾಗಿಲು ಆಗಲೇ ತೆರೆದಿತ್ತು. ಒಳಗೆ ಕನ್ನಡದವರು, ಮರಾಠಿಯವರು ಒಂದೇ ಟೇಬಲ್ಲಿಗೆ ತಲೆ ಬಗ್ಗಿಸಿ ಓದುತ್ತಿದ್ದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಗೋದಾಮಿನ ಮಾಲೀಕರು ಕೂತಿದ್ದರು, ತಲೆ ಇನ್ನೂ ಒದ್ದೆ. ಅಳು ತಡೆಯಲಾಗದೆ ನಾನು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದು, ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ ಹೇಳಿದರು:

"ಸಾವಕಾಶ ಮಾತಾಡ್ರಿ. ಹುಡುಗ್ರು ಓದಾಕತ್ತಾರ."